ಬೆಂಜಮಿನ್ ಫ್ರಾಂಕ್ಲಿನ್ನನ ನಿತ್ಯನಿಯಮ

ಗೃಹಸ್ಥನಾದವನನ್ನು ದಿನವೂ ಕಾಡುವ ತೊಂದರೆಗಳಲ್ಲಿ ಬಹುಭಾಗವು ಸಣ್ಣವು. ಬೇಕಾದ ವಸ್ತುವು ಬೇಕಾದ ಹೊತ್ತಿಗೆ ಕೈಗೆ ಸಿಕ್ಕದಿರುವುದು, ಕೊಡಬೇಕಾದ ಹಣವು ಮರೆತುಹೋಗುವುದು, ಬೆಳಗಿನ ಕೆಲಸವು ಮಧ್ಯಾಹ್ನಕ್ಕೆ ಬಿದ್ದು ಮಧ್ಯಾಹ್ನದ್ದು ನಾಳೆಗೆ ಜಾರುವುದು, ಇವು ಒಂದೊಂದಾಗಿ ನೋಡಿದರೆ ಅಲ್ಪವೇ ಸರಿ. ಆದರೆ ಎಲ್ಲವೂ ಕೂಡಿಕೊಂಡು ಮನೆಯ ನೆಮ್ಮದಿಯನ್ನು ಗೆದ್ದಲು ಮರವನ್ನು ತಿನ್ನುವಂತೆ ತಿಂದುಬಿಡುತ್ತವೆ. ಮಹಾಪುರುಷರ ಚರಿತ್ರೆಗಳನ್ನೋದುವವರು ಅವರ ದೊಡ್ಡ ಕಾರ್ಯಗಳನ್ನು ಕಂಡು ಬೆರಗಾಗುವುದುಂಟು. ಅಂತಹ ಕಾರ್ಯಗಳಿಗೆ ಬೇಕಾದ ಬಿಡುವು ಅವರಿಗೆ ಎಲ್ಲಿಂದ ದೊರೆಯಿತೆಂದು ವಿಚಾರಿಸುವವರು ವಿರಳ. ಅಮೆರಿಕೆಯ ಬೆಂಜಮಿನ್ ಫ್ರಾಂಕ್ಲಿನ್ನನು ಮುದ್ರಕನಾಗಿದ್ದನು, ವಿಜ್ಞಾನಿಯಾಗಿದ್ದನು, ರಾಜಕಾರ್ಯಧುರಂಧರನೂ ಆಗಿದ್ದನು. ಈ ಮೂರಕ್ಕೂ ಆತನಿಗೆ ಹೊತ್ತನ್ನು ದೊರಕಿಸಿಕೊಟ್ಟುದು ಕೆಲವು ಸಾಮಾನ್ಯ ನಿಯಮಗಳು. ಕಾಯಕವನ್ನು ಪೂಜೆಯೆಂದು ಬಗೆಯುವ ಶರಣಮಾರ್ಗದವರಿಗೆ ದೂರದೇಶದ ಈ ಕುಶಲಕರ್ಮಿಯ ದಿನಚರ್ಯೆಯು ಅಪರಿಚಿತವೆನಿಸಲಾರದು.

ಫ್ರಾಂಕ್ಲಿನ್ನನು ಕ್ರಿ. ಶ. ೧೭೦೬ನೆಯ ಇಸವಿಯ ಜನವರಿ ೧೭ನೆಯ ದಿನ ಬಾಸ್ಟನ್ ಪಟ್ಟಣದಲ್ಲಿ ಜನಿಸಿದನು. ಆ ಸೀಮೆಯು ಆಗ ಇಂಗ್ಲೆಂಡಿನ ಅಧೀನದಲ್ಲಿದ್ದಿತು. ತಂದೆಯಾದ ಜೋಸಾಯನು ಇಂಗ್ಲೆಂಡಿನಿಂದ ವಲಸೆ ಬಂದು ಸಾಬೂನು, ದೀಪದ ಬತ್ತಿಗಳನ್ನು ಮಾಡಿ ಮಾರಿ ಜೀವಿಸುತ್ತಿದ್ದನು. ಆತನಿಗೆ ಹದಿನೇಳು ಮಂದಿ ಮಕ್ಕಳು. ಅವರಲ್ಲಿ ಹದಿನೈದನೆಯವನೂ ಗಂಡುಮಕ್ಕಳಲ್ಲಿ ಕಡೆಯವನೂ ಬೆಂಜಮಿನ್ನನು. ಅಷ್ಟು ದೊಡ್ಡ ಸಂಸಾರದಲ್ಲಿ ಒಬ್ಬ ಹುಡುಗನನ್ನು ಬಹುಕಾಲ ಶಾಲೆಗೆ ಕಳುಹುವುದು ಸಾಧ್ಯವಾಗಲಿಲ್ಲ. ಎರಡು ವರ್ಷಗಳ ಓದು ಮುಗಿಯುತ್ತಲೇ, ಹತ್ತನೆಯ ವಯಸ್ಸಿನಲ್ಲಿ ಹುಡುಗನು ತಂದೆಯ ಅಂಗಡಿಯಲ್ಲಿ ಬತ್ತಿಯ ನೂಲನ್ನು ಕತ್ತರಿಸುವ, ಅಚ್ಚುಗಳಿಗೆ ಕರಗಿದ ಕೊಬ್ಬನ್ನು ಹೊಯ್ಯುವ ಕೆಲಸಕ್ಕೆ ನಿಂತನು. ಆ ಕೆಲಸವು ಅವನ ಮನಸ್ಸಿಗೆ ಹಿಡಿಸಲಿಲ್ಲ. ಹನ್ನೆರಡನೆಯ ವಯಸ್ಸಿನಲ್ಲಿ ಅಣ್ಣನಾದ ಜೇಮ್ಸನ ಅಚ್ಚುಕೂಟದಲ್ಲಿ ಅವನನ್ನು ಕೆಲಸ ಕಲಿಯಲು ಬಿಟ್ಟರು.

ಹೊತ್ತನ್ನೂ ಹಣವನ್ನೂ ಒಟ್ಟಿಗೆ ಉಳಿಸುವ ಮೊದಲನೆಯ ಉಪಾಯವನ್ನು ಅವನು ಕಂಡುಕೊಂಡುದು ಇಲ್ಲಿಯೇ. ಸುಮಾರು ಹದಿನಾರನೆಯ ವಯಸ್ಸಿನಲ್ಲಿ ಅವನ ಕೈಗೆ ಶಾಕಾಹಾರವನ್ನು ಕುರಿತ ಒಂದು ಪುಸ್ತಕವು ಸಿಕ್ಕಿತು. ಅದನ್ನೋದಿ ಮಾಂಸವನ್ನು ಬಿಟ್ಟನು. ಕೆಲಸಗಾರರ ಊಟಕ್ಕಾಗಿ ಅಣ್ಣನು ಬೇರೊಂದು ಮನೆಗೆ ಹಣ ತೆರುತ್ತಿದ್ದನು. ತನ್ನ ಪಾಲಿಗೆ ತೆರುವ ಹಣದಲ್ಲಿ ಅರ್ಧವನ್ನು ತನಗೆ ಕೊಟ್ಟರೆ ತನ್ನ ಊಟವನ್ನು ತಾನೇ ನೋಡಿಕೊಳ್ಳುವೆನೆಂದು ಹುಡುಗನು ಕೇಳಿದನು. ಅಣ್ಣನು ಒಡನೆಯೇ ಒಪ್ಪಿದನು. ಆ ಅರ್ಧದಲ್ಲಿಯೂ ಅರ್ಧವು ಉಳಿಯಿತು, ಉಳಿದುದೆಲ್ಲ ಪುಸ್ತಕಗಳಾಯಿತು. ಉಳಿದವರು ಊಟಕ್ಕೆ ಹೋಗಿ ಬರುವಷ್ಟರಲ್ಲಿ ಅವನು ಒಂದು ತುಂಡು ರೊಟ್ಟಿ, ಒಂದು ಹಿಡಿ ಒಣದ್ರಾಕ್ಷಿ, ಒಂದು ಲೋಟ ನೀರು ಇವುಗಳಿಂದ ಹಸಿವನ್ನು ಹಿಂಗಿಸಿಕೊಂಡು, ಅಚ್ಚುಕೂಟದ ಏಕಾಂತದಲ್ಲಿ ಓದುತ್ತ ಕುಳಿತಿರುವನು. ಶಾಲೆಯಲ್ಲಿ ಎರಡು ಸಾರಿ ಸೋತಿದ್ದ ಗಣಿತವನ್ನು ಈ ಊಟದ ಬಿಡುವಿನಲ್ಲಿಯೇ ಆಮೂಲಾಗ್ರವಾಗಿ ಕಲಿತನು. ಶಾಕಾಹಾರದ ವ್ರತವು ಮುಂದೆ ಸಡಿಲವಾಯಿತು. ಮಿತಾಹಾರದ ಅಭ್ಯಾಸವು ಮಾತ್ರ ಬಹುಕಾಲ ಉಳಿದು ಫಲ ಕೊಟ್ಟಿತು.

ಅಣ್ಣನೊಡನೆ ಮನಸ್ತಾಪ ಬೆಳೆದುದರಿಂದ ೧೭೨೩ರಲ್ಲಿ, ಹದಿನೇಳನೆಯ ವಯಸ್ಸಿನಲ್ಲಿ, ಊರನ್ನು ಬಿಟ್ಟು ಫಿಲಡೆಲ್ಫಿಯಕ್ಕೆ ಹೋದನು. ಮರುವರ್ಷ ಲಂಡನ್ನಿಗೆ ತೆರಳಿ ೧೭೨೬ರವರೆಗೆ ಅಲ್ಲಿಯ ಅಚ್ಚುಕೂಟಗಳಲ್ಲಿ ದುಡಿದನು. ಅಲ್ಲಿಯ ಕೆಲಸಗಾರರು ಬೆಳಗಿನಿಂದ ಸಂಜೆಯವರೆಗೆ ಬಿಯರ್ ಎಂಬ ಪಾನೀಯವನ್ನು ಕುಡಿಯುತ್ತಿದ್ದರು. ಗಟ್ಟಿ ಕೆಲಸಕ್ಕೆ ಅದರಿಂದ ಬಲ ಬರುವುದೆಂಬುದು ಅವರ ನಂಬುಗೆ. ಫ್ರಾಂಕ್ಲಿನ್ನನು ನೀರನ್ನು ಮಾತ್ರ ಕುಡಿಯುವನು. ಆದರೂ ಅಚ್ಚಿನ ಮೊಳೆಗಳನ್ನು ಜೋಡಿಸಿದ ಭಾರವಾದ ಚೌಕಟ್ಟುಗಳನ್ನು ಇತರರು ಎರಡು ಕೈಗಳಿಂದ ಒಂದನ್ನು ಹೊತ್ತು ಮೆಟ್ಟಿಲೇರುತ್ತಿರಲು, ಇವನು ಕೈಗೊಂದರಂತೆ ಎರಡನ್ನು ಹೊತ್ತೇರುತ್ತಿದ್ದನು. ಕುಡಿಯುವವರು ವಾರದ ಕೂಲಿಯಲ್ಲಿ ದೊಡ್ಡ ಪಾಲನ್ನು ಪಾನಕ್ಕೆ ಸುರಿದು ಸದಾ ಸಾಲದಲ್ಲಿ ಮುಳುಗಿರುತ್ತಿದ್ದರು. ಇವನು ಅವರಿಗೆ ಬೋಧನೆ ಮಾಡಲು ಹೋಗಲಿಲ್ಲ. ಸಮೀಪದ ಮನೆಯೊಂದರಿಂದ ರೊಟ್ಟಿಯ ಚೂರು, ಬೆಣ್ಣೆ, ಮೆಣಸಿನ ಪುಡಿ ಹಾಕಿದ ಬಿಸಿ ಗಂಜಿಯನ್ನು ತರಿಸಿ ತೋರಿಸಿದನು. ಒಂದು ಪಾತ್ರೆ ಗಂಜಿಗೆ ಒಂದು ಪಾತ್ರೆ ಬಿಯರಿನ ಬೆಲೆಯೇ ಸಾಕು. ಹೊಟ್ಟೆಗೂ ಹಿತ, ತಲೆಗೂ ಹಿತ. ಹಲವರು ಬೆಳಗಿನ ಪಾನವನ್ನು ಬಿಟ್ಟು ಗಂಜಿಯನ್ನು ಹಿಡಿದರು. ಕೆಟ್ಟ ಅಭ್ಯಾಸವನ್ನು ಬಿಡಿಸಲು ಅದರ ಸ್ಥಾನದಲ್ಲಿ ಅಷ್ಟೇ ಸುಲಭವಾದ ಒಳ್ಳೆಯ ಅಭ್ಯಾಸವನ್ನು ತಂದಿರಿಸಬೇಕೆಂಬ ತತ್ತ್ವವನ್ನು ಆತನು ಕಡೆಯವರೆಗೂ ಬಿಡಲಿಲ್ಲ.

ಯೌವನದಲ್ಲಿ ಆತನು ಎಡವದೆ ಇರಲಿಲ್ಲ. ಪರರಿಗಾಗಿ ವಸೂಲು ಮಾಡಿಟ್ಟುಕೊಂಡಿದ್ದ ಹಣವನ್ನು, ದುಶ್ಚಟಕ್ಕೆ ಬಿದ್ದ ಗೆಳೆಯನೊಬ್ಬನಿಗೆ ಸಾಲವಾಗಿ ಕೊಟ್ಟು, ವರ್ಷಗಟ್ಟಲೆ ಆ ಹೊರೆಯ ಭಯದಲ್ಲಿಯೇ ಬದುಕಬೇಕಾಯಿತು. ಕೈಯಲ್ಲಿ ಹಣ ಕೂಡಿದ ಮೇಲೆ ಅದನ್ನು ಬಡ್ಡಿಸಹಿತವಾಗಿ ತೀರಿಸಿದನು. ಇಟ್ಟುಕೊಂಡ ಹಣವು ಕೈಯಲ್ಲಿದ್ದರೂ ತನ್ನದಲ್ಲವೆಂಬ ಪಾಠವು ಆಗ ಮನಸ್ಸಿಗೆ ನಾಟಿತು.

೧೭೨೮ರಲ್ಲಿ ಪಾಲುಗಾರನೊಬ್ಬನೊಡನೆ ಫಿಲಡೆಲ್ಫಿಯದಲ್ಲಿ ಸ್ವಂತ ಅಚ್ಚುಕೂಟವನ್ನು ಹಾಕಿದನು. ಮರುವರ್ಷ ಒಂದು ಪತ್ರಿಕೆಯೂ ಕೈಸೇರಿತು. ಬಂಡವಾಳವೆಲ್ಲ ಸಾಲದ್ದು. ಸಾಲಗಾರನಿಗೆ ಉದ್ಯೋಗದಷ್ಟೇ ಮುಖ್ಯವಾದುದು ಉದ್ಯೋಗಿಯೆಂಬ ನಂಬಿಕೆಯೆಂಬುದನ್ನರಿತು, ಆತನು ಸರಳವಾದ ಉಡುಪನ್ನು ಧರಿಸಿ, ವಿಲಾಸದ ಸ್ಥಳಗಳಲ್ಲಿ ಕಾಣಿಸಿಕೊಳ್ಳದೆ, ಅಂಗಡಿಯಲ್ಲಿ ಕೊಂಡ ಕಾಗದವನ್ನು ತಾನೇ ಒಂಟಿಗಾಲಿಯ ತಳ್ಳುಗಾಡಿಯಲ್ಲಿ ಹೇರಿಕೊಂಡು ಬೀದಿಯಲ್ಲಿ ತಳ್ಳಿಕೊಂಡು ಬರುತ್ತಿದ್ದನು. ೧೭೩೦ರಲ್ಲಿ ಡೆಬೊರಾ ಎಂಬಾಕೆಯು ಆತನ ಮನೆಯನ್ನು ತುಂಬಿದಳು. ಆ ಸಂಸಾರದ ಏಳಿಗೆಯಲ್ಲಿ ಆಕೆಯ ಪಾಲು ಸಣ್ಣದಲ್ಲ. ಅಚ್ಚಾದ ಹಾಳೆಗಳನ್ನು ಮಡಿಚಿ ಹೊಲಿಯುವುದು, ಅಂಗಡಿಯನ್ನು ನೋಡಿಕೊಳ್ಳುವುದು, ಕಾಗದ ಮಾಡುವವರಿಗೆ ಬೇಕಾದ ಹಳೆಯ ನಾರುಬಟ್ಟೆಗಳನ್ನು ಕೊಂಡು ಕೂಡಿಡುವುದು, ಇವೆಲ್ಲ ಆಕೆಯ ಕೈಯಿಂದ ನಡೆಯುತ್ತಿದ್ದವು. ಬೆಳಗಿನ ಊಟವೆಂದರೆ ಹಾಲು ಮತ್ತು ರೊಟ್ಟಿ. ಅದನ್ನು ಉಣ್ಣುವುದು ಎರಡು ಕಾಸಿನ ಮಣ್ಣಿನ ಬಟ್ಟಲಿನಲ್ಲಿ, ತವರದ ಚಮಚದಿಂದ. ಬಹು ವರ್ಷಗಳ ತರುವಾಯ ಒಂದು ದಿನ ಆತನ ಮುಂದೆ ಚೀಣೀ ಬಟ್ಟಲೂ ಬೆಳ್ಳಿಯ ಚಮಚವೂ ಬಂದವು. ನೆರೆಹೊರೆಯವರ ಗಂಡಂದಿರಿಗಿರುವುದು ತನ್ನ ಗಂಡನಿಗೂ ಇರಲೆಂದು ಡೆಬೊರಾ ಇಪ್ಪತ್ತಮೂರು ಷಿಲಿಂಗು ಕೊಟ್ಟು ಅವನ್ನು ತಂದಿದ್ದಳು. ಭೋಗವೆಂಬುದು ಮನೆಯೊಳಗೆ ಹೇಗೆ ಸದ್ದಿಲ್ಲದೆ ಕಾಲಿಡುತ್ತದೆಂಬುದಕ್ಕೆ ಆತನು ಈ ಸಂಗತಿಯನ್ನು ತನ್ನ ಆತ್ಮಚರಿತ್ರೆಯಲ್ಲಿ ನಗುನಗುತ್ತ ಬರೆದಿಟ್ಟಿದ್ದಾನೆ.

ಈ ಕಾಲದಲ್ಲಿಯೇ ಆತನು ತನ್ನ ಮನಸ್ಸನ್ನು ತಿದ್ದಿಕೊಳ್ಳುವ ಪ್ರಸಿದ್ಧವಾದ ಪ್ರಯತ್ನವನ್ನು ಕೈಕೊಂಡನು. ಒಳ್ಳೆಯವನಾಗಬೇಕೆಂಬ ಇಚ್ಛೆಯೊಂದರಿಂದಲೇ ಒಳ್ಳೆಯತನವು ಬರಲಾರದು, ಅದಕ್ಕೆ ಅಭ್ಯಾಸ ಬೇಕು, ಅಭ್ಯಾಸಕ್ಕೆ ಒಂದು ಕ್ರಮ ಬೇಕು ಎಂದು ಬಗೆದನು. ಮಿತಾಹಾರ, ಮೌನ, ವ್ಯವಸ್ಥೆ, ದೃಢಸಂಕಲ್ಪ, ಮಿತವ್ಯಯ, ಉದ್ಯೋಗಶೀಲತೆ, ನಿಷ್ಕಪಟತೆ, ನ್ಯಾಯ, ಸಮಚಿತ್ತತೆ, ಶುಚಿತ್ವ, ಶಾಂತಿ, ಶೀಲ ಎಂಬ ಹನ್ನೆರಡು ಗುಣಗಳನ್ನು ಮೊದಲು ಆರಿಸಿಕೊಂಡನು. ಸ್ನೇಹಿತನೊಬ್ಬನು ಆತನ ಮಾತಿನಲ್ಲಿ ಗರ್ವವು ಇಣಿಕುವುದೆಂದು ಎತ್ತಿ ತೋರಿಸಲು, ವಿನಯವನ್ನು ಹದಿಮೂರನೆಯದಾಗಿ ಸೇರಿಸಿದನು. ಎಲ್ಲವನ್ನೂ ಒಂದೇ ಸಾರಿಗೆ ಸಾಧಿಸಹೋದರೆ ಯಾವುದೂ ಕೈಗೂಡದೆಂದು, ವಾರಕ್ಕೊಂದು ಗುಣದಂತೆ ಗಮನವಿಟ್ಟನು. ತೋಟಗಾರನು ಇಡೀ ತೋಟದ ಕಳೆಯನ್ನು ಒಂದೇ ದಿನ ಕೀಳದೆ ಮಡಿಯಿಂದ ಮಡಿಗೆ ಸಾಗುವಂತೆ, ಹದಿಮೂರು ವಾರಗಳಿಗೆ ಒಂದು ಸುತ್ತು, ವರ್ಷಕ್ಕೆ ನಾಲ್ಕು ಸುತ್ತು.

ಇದಕ್ಕಾಗಿ ಒಂದು ಸಣ್ಣ ಪುಸ್ತಕವನ್ನು ಮಾಡಿ, ಪುಟಪುಟಕ್ಕೂ ಕೆಂಪು ಮಸಿಯಲ್ಲಿ ಏಳು ದಿನಗಳಿಗೆ ಏಳು ಅಂಕಣಗಳನ್ನೆಳೆದು, ರಾತ್ರಿ ಮಲಗುವ ಮೊದಲು ಆ ದಿನದ ತಪ್ಪುಗಳಿಗೆ ಕಪ್ಪು ಚುಕ್ಕೆಗಳನ್ನಿಡುವನು. ಸುತ್ತು ಮುಗಿದ ಮೇಲೆ ಚುಕ್ಕೆಗಳನ್ನು ಕೆರೆದು ಅಳಿಸಿ, ಅದೇ ಪುಟಗಳಲ್ಲಿ ಹೊಸದಾಗಿ ಪ್ರಾರಂಭಿಸುವನು. ಕೆರೆದು ಕೆರೆದು ಕಾಗದವು ತೂತುಬಿದ್ದಿತು. ಆಗ ದಂತದ ತೆಳ್ಳನೆಯ ಹಲಗೆಗಳ ಮೇಲೆ ಅಳಿಯದ ಕೆಂಪು ಗೆರೆಗಳನ್ನೆಳೆಸಿ, ಸೀಸದ ಕಡ್ಡಿಯಿಂದ ಗುರುತು ಮಾಡಿ ಒದ್ದೆಯಾದ ಸ್ಪಂಜಿನಿಂದ ಒರಸುವ ಉಪಾಯವನ್ನು ಹೂಡಿದನು. ತಪ್ಪನ್ನು ಗುರುತಿಸುವುದು ಸುಲಭವಾಗಿರಬೇಕು, ಅಳಿಸಿ ಮುಂದುವರಿಯುವುದೂ ಸುಲಭವಾಗಿರಬೇಕು. ಇಲ್ಲದಿದ್ದರೆ ಲೆಕ್ಕವಿಡುವುದೇ ಒಂದು ಹೊರೆಯಾಗಿ ನಾಲ್ಕು ದಿನಗಳಲ್ಲಿ ನಿಂತುಹೋಗುವುದು.

ದಿನದ ಇಪ್ಪತ್ತನಾಲ್ಕು ಗಂಟೆಗಳನ್ನೂ ಆತನು ಹೀಗೆಯೇ ಹಂಚಿದ್ದನು. ಬೆಳಗಿನ ಐದು ಗಂಟೆಗೆ ಏಳುವುದು. ಮುಖ ತೊಳೆದು, ದೇವರನ್ನು ನೆನೆದು, ಅಂದು ಯಾವ ಒಳಿತನ್ನು ಮಾಡಲಿರುವೆನೆಂದು ತನ್ನನ್ನು ತಾನೇ ಕೇಳಿಕೊಂಡು ಕೆಲಸಗಳನ್ನು ಗೊತ್ತುಮಾಡುವುದು. ಸ್ವಲ್ಪ ಹೊತ್ತು ಓದಿ ಉಪಾಹಾರ ಮಾಡುವುದು. ಎಂಟರಿಂದ ಹನ್ನೆರಡರವರೆಗೆ ಕೆಲಸ. ಹನ್ನೆರಡರಿಂದ ಎರಡರವರೆಗೆ ಊಟ, ಓದು, ಲೆಕ್ಕಪತ್ರಗಳ ಪರಿಶೀಲನೆ. ಎರಡರಿಂದ ಆರರವರೆಗೆ ಮತ್ತೆ ಕೆಲಸ. ಅನಂತರ ವಸ್ತುಗಳನ್ನೆಲ್ಲ ಅವವುಗಳ ಸ್ಥಳದಲ್ಲಿರಿಸಿ, ಉಂಡು, ಸಂಗೀತದಲ್ಲಿಯೋ ಸಂಭಾಷಣೆಯಲ್ಲಿಯೋ ಮನಸ್ಸನ್ನು ಹಗುರ ಮಾಡಿಕೊಂಡು, ಅಂದು ಯಾವ ಒಳಿತನ್ನು ಮಾಡಿದೆನೆಂದು ವಿಚಾರಿಸಿಕೊಂಡು ಹತ್ತು ಗಂಟೆಗೆ ಮಲಗುವುದು. ಈ ಏರ್ಪಾಟಿನಲ್ಲಿ ಎರಡು ಸಂಗತಿಗಳು ಗಮನಾರ್ಹವಾಗಿವೆ. ಲೆಕ್ಕವನ್ನು ತಿಂಗಳ ಕಡೆಗೆ ಬಿಡದೆ ದಿನದ ನಡುವೆಯೇ ನೋಡುವುದು ಒಂದು. ರಾತ್ರಿ ವಸ್ತುಗಳನ್ನು ಸ್ಥಳಕ್ಕೆ ಸೇರಿಸಿ ಮಲಗುವುದು ಇನ್ನೊಂದು. ಹಿಂದಿನ ರಾತ್ರಿಯ ಅರ್ಧ ಗಂಟೆಯು ಮರುದಿನದ ಬೆಳಗನ್ನು ಹಗುರಗೊಳಿಸುವುದು.

ಆದರೆ ಹದಿಮೂರು ಗುಣಗಳಲ್ಲಿ ಆತನನ್ನು ಎಲ್ಲಕ್ಕಿಂತ ಹೆಚ್ಚಾಗಿ ಕಾಡಿದುದು ಈ ವ್ಯವಸ್ಥೆಯೆಂಬ ಗುಣವೇ. ಕೂಲಿಯ ಕೆಲಸಗಾರನಿಗೆ ಹೊತ್ತಿನ ಕಟ್ಟು ಸಾಧ್ಯ. ಯಜಮಾನನು ಬಂದವರನ್ನು ಅವರ ಹೊತ್ತಿಗೆ ಕಾಣಬೇಕು. ಕಾಗದಪತ್ರಗಳನ್ನೂ ವಸ್ತುಗಳನ್ನೂ ಗೊತ್ತಾದ ಸ್ಥಳದಲ್ಲಿಡುವುದು ಆತನಿಗೆ ಬಾಲ್ಯದಿಂದ ರೂಢಿಯಾಗಿರಲಿಲ್ಲ. ಜ್ಞಾಪಕಶಕ್ತಿಯು ತೀಕ್ಷ್ಣವಾಗಿದ್ದುದರಿಂದ ಅದರ ಕೊರತೆಯು ಬಹುಕಾಲ ತಿಳಿಯಲೂ ಇಲ್ಲ. ಎಷ್ಟು ಹೆಣಗಿದರೂ ಚುಕ್ಕೆಗಳು ಕಡಮೆಯಾಗದಿರಲು, ಈ ಗುಣದ ಆಸೆಯನ್ನೇ ಬಿಟ್ಟುಬಿಡಲೇ ಎಂಬಷ್ಟು ಬೇಸತ್ತನು. ತನ್ನ ಈ ಸ್ಥಿತಿಯನ್ನು ಆತನು ಒಂದು ಕಥೆಗೆ ಹೋಲಿಸಿದ್ದಾನೆ. ಒಬ್ಬನು ಕಮ್ಮಾರನಿಂದ ಕೊಡಲಿಯನ್ನು ಕೊಂಡು, ಅದರ ಅಲಗಿನಂತೆಯೇ ಮೈಯೆಲ್ಲ ಹೊಳೆಯಬೇಕೆಂದು ಹಠ ಹಿಡಿದನು. ಸಾಣೆಯ ಚಕ್ರವನ್ನು ತಿರುಗಿಸಿಕೊಟ್ಟರೆ ಹೊಳಪಿಸಿಕೊಡುವೆನೆಂದು ಕಮ್ಮಾರನು ಒಪ್ಪಿ, ಕೊಡಲಿಯನ್ನು ಕಲ್ಲಿಗೆ ಬಲವಾಗಿ ಒತ್ತಿ ಹಿಡಿದನು. ಕೊಂಡವನು ತಿರುಗಿಸಿ ತಿರುಗಿಸಿ ದಣಿದು, ಹೊಳಪು ಎಷ್ಟಕ್ಕೆ ಬಂದಿತೆಂದು ಮತ್ತೆಮತ್ತೆ ಬಂದು ನೋಡಿ, ಕಡೆಗೆ ಇದ್ದಂತೆಯೇ ಕೊಡಲಿಯನ್ನು ತೆಗೆದುಕೊಂಡನು. ಇನ್ನೂ ತಿರುಗಿಸಿದರೆ ಪೂರ್ತಿ ಹೊಳೆಯುವುದು, ಈಗಿನ್ನೂ ಮಚ್ಚೆಮಚ್ಚೆಯಾಗಿದೆಯೆಂದು ಕಮ್ಮಾರನು ಹೇಳಲು, ತನಗೆ ಮಚ್ಚೆಯ ಕೊಡಲಿಯೇ ಚೆಂದವೆಂದು ಹೇಳಿ ಹೊರಟುಹೋದನು. ಸೋತವರೆಲ್ಲ ತಮ್ಮ ಸೋಲನ್ನು ಹೀಗೆ ಚೆಂದವೆಂದು ಕರೆದು ಸಮಾಧಾನಪಡುವರೆಂಬುದನ್ನು ಫ್ರಾಂಕ್ಲಿನ್ನನು ತನ್ನಲ್ಲಿಯೇ ಕಂಡನು. ಆದರೂ ಆತನು ಪ್ರಯತ್ನವನ್ನು ವ್ಯರ್ಥವೆಂದೆಣಿಸಲಿಲ್ಲ. ಅಚ್ಚುಕಟ್ಟಾದ ಮೇಲ್ಪಂಕ್ತಿಯನ್ನು ನೋಡಿ ತಿದ್ದುವ ಬಾಲಕನ ಅಕ್ಷರವು ಮೇಲ್ಪಂಕ್ತಿಯಷ್ಟು ಸುಂದರವಾಗದಿದ್ದರೂ ಮೊದಲಿಗಿಂತ ದುಂಡಗಾಗುವಂತೆ, ತಾನೂ ಮೊದಲಿಗಿಂತ ಉತ್ತಮನೂ ಸುಖಿಯೂ ಆದೆನೆಂದು ಮುಪ್ಪಿನಲ್ಲಿ ಬರೆದನು.

ವಿನಯದ ವಿಷಯದಲ್ಲಿ ಆತನು ಮಾಡಿದ ಉಪಾಯವು ಇನ್ನೂ ಸರಳವಾದುದು. ಒಳಗಿನ ಗರ್ವವನ್ನು ಬೇರುಸಹಿತ ಕಿತ್ತೆನೆಂದು ಆತನು ಎಂದೂ ಹೇಳಿಕೊಳ್ಳಲಿಲ್ಲ. ನಾಲಗೆಯನ್ನು ಮಾತ್ರ ತಿದ್ದಿದನು. ನಿಶ್ಚಯವಾಗಿ, ನಿಸ್ಸಂದೇಹವಾಗಿ ಎಂಬ ಮಾತುಗಳನ್ನು ಬಿಟ್ಟು, ಹೀಗೆ ತೋರುತ್ತದೆ, ಹೀಗಿರಬಹುದು ಎಂದು ಮಾತನಾಡುವುದನ್ನು ರೂಢಿಸಿದನು. ಎದುರಿನವನು ತಪ್ಪು ನುಡಿದರೂ ಒಡನೆಯೇ ಖಂಡಿಸದೆ, ಅವನ ಮಾತು ಯಾವ ಸಂದರ್ಭದಲ್ಲಿ ಸರಿಯಾದೀತೆಂಬುದರಿಂದ ಪ್ರಾರಂಭಿಸುವನು. ಇದರಿಂದ ಮಾತುಕತೆಗಳು ಹಿತವಾದವು, ವಿರೋಧವು ಕಡಮೆಯಾಯಿತು. ತಾನೇ ತಪ್ಪಿದಾಗ ನಾಚಿಕೆಯೂ ಕಡಮೆಯಾಯಿತು. ಮನೆಯಲ್ಲಾಗಲಿ ಸಭೆಯಲ್ಲಾಗಲಿ ಅರ್ಧ ಕಲಹಗಳು ಹುಟ್ಟುವುದು ವಿಷಯದಿಂದಲ್ಲ, ಹೇಳಿದ ರೀತಿಯಿಂದ.

ಮನೆಗೆ ಹಿತವಾದುದು ಊರಿಗೂ ಹಿತವಾಗಬೇಕೆಂಬುದು ಆತನ ಭಾವನೆ. ೧೭೨೭ರಲ್ಲಿಯೇ ಆತನು ಕೆಲವು ಗೆಳೆಯರನ್ನು ಕೂಡಿಸಿ, ಶುಕ್ರವಾರದ ಸಂಜೆಗಳಲ್ಲಿ ಸೇರಿ ವಿಚಾರ ಮಾಡುವ ಗೋಷ್ಠಿಯನ್ನೇರ್ಪಡಿಸಿದ್ದನು. ಪುಸ್ತಕಗಳು ದುಬಾರಿಯಾಗಿದ್ದುದರಿಂದ ೧೭೩೧ರಲ್ಲಿ ಐವತ್ತು ಮಂದಿ ಚಂದಾದಾರರಿಂದ ಮೊದಲು ನಾಲ್ವತ್ತು ಷಿಲಿಂಗುಗಳನ್ನೂ ಮುಂದೆ ವರ್ಷಕ್ಕೆ ಹತ್ತು ಷಿಲಿಂಗುಗಳನ್ನೂ ಕೂಡಿಸಿ ಗ್ರಂಥಭಂಡಾರವೊಂದನ್ನು ಸ್ಥಾಪಿಸಿದನು. ೧೭೩೬ರಲ್ಲಿ ಬೆಂಕಿಯನ್ನಾರಿಸುವ ಸಂಘವು ಹುಟ್ಟಿತು. ಅದರ ಪ್ರತಿಯೊಬ್ಬ ಸದಸ್ಯನೂ ನೀರಿಗೆ ತೊಗಲಿನ ಬಕೀಟುಗಳನ್ನೂ, ವಸ್ತುಗಳನ್ನು ಸಾಗಿಸಲು ಚೀಲ ಬುಟ್ಟಿಗಳನ್ನೂ ಮನೆಯಲ್ಲಿ ಸಿದ್ಧವಾಗಿಟ್ಟಿರಬೇಕೆಂಬುದು ನಿಯಮ. ಬೆಂಕಿ ಬಿದ್ದ ಮೇಲೆ ಬಕೀಟನ್ನು ಹುಡುಕುವವನ ಮನೆಯು ಉಳಿಯುವುದಿಲ್ಲವಷ್ಟೆ.

ಪಟ್ಟಣದ ಬೀದಿಗಳು ಮಳೆಗಾಲದಲ್ಲಿ ಕೆಸರು, ಬೇಸಗೆಯಲ್ಲಿ ಧೂಳು. ಸಂತೆಯ ಹತ್ತಿರ ಕಲ್ಲುಹಾಸಾದ ಮೇಲೆಯೂ ಗಾಡಿಗಳು ತಂದ ಕೆಸರು ಅಲ್ಲಿಯೇ ಉಳಿಯುತ್ತಿತ್ತು. ಫ್ರಾಂಕ್ಲಿನ್ನನು ಬಡವನಾದರೂ ಶ್ರಮಶೀಲನಾದ ಒಬ್ಬನನ್ನು ಹುಡುಕಿ, ವಾರಕ್ಕೆ ಎರಡು ಸಾರಿ ಎಲ್ಲರ ಬಾಗಿಲ ಮುಂದೆ ಗುಡಿಸಿ ಕಸವನ್ನು ಸಾಗಿಸಲು ಒಪ್ಪಿಸಿದನು. ಮನೆಯೊಂದಕ್ಕೆ ತಿಂಗಳಿಗೆ ಆರು ಪೆನ್ನಿ. ಕಾಲಿಗಂಟಿದ ಕೆಸರು ಒಳಗೆ ಬರದಿರುವುದರಿಂದ ಮನೆಯವರಿಗಾಗುವ ಅನುಕೂಲವನ್ನೂ, ಗಾಳಿಗೆ ಧೂಳೇಳದಿರುವುದರಿಂದ ಅಂಗಡಿಯ ಸರಕಿಗಾಗುವ ಲಾಭವನ್ನೂ ಒಂದು ಹಾಳೆಯಲ್ಲಿ ಅಚ್ಚುಹಾಕಿ ಮನೆಮನೆಗೆ ಹಂಚಿದನು. ಎರಡು ದಿನ ಬಿಟ್ಟು ಹೋಗಿ ಕೇಳಲು ಎಲ್ಲರೂ ಒಪ್ಪಿ ಸಹಿ ಹಾಕಿದರು. ಬೀದಿಯ ದೀಪಗಳ ವಿಷಯದಲ್ಲಿಯೂ ಹೀಗೆಯೇ. ಲಂಡನ್ನಿನಿಂದ ಬಂದ ಗುಂಡುಗಾಜಿನ ದೀಪಗಳೊಳಗೆ ಗಾಳಿಯಾಡದೆ ಹೊಗೆಯು ಸುತ್ತಿ, ಕೆಲವೇ ಗಂಟೆಗಳಲ್ಲಿ ಗಾಜು ಕಪ್ಪಾಗುವುದು. ಅಕಸ್ಮಾತ್ ಪೆಟ್ಟು ಬಿದ್ದರೆ ದೀಪವೇ ಹಾಳು. ಆತನು ನಾಲ್ಕು ಚಪ್ಪಟೆ ಗಾಜುಗಳನ್ನು ಜೋಡಿಸಿ, ಮೇಲೆ ಹೊಗೆ ಹೋಗಲು ನಳಿಗೆಯನ್ನೂ ಕೆಳಗೆ ಗಾಳಿ ಬರಲು ಸಂದುಗಳನ್ನೂ ಇರಿಸಿದನು. ಬೆಳಗಿನವರೆಗೂ ದೀಪವು ಬೆಳಕಾಗಿರುವುದು. ಒಡೆದರೆ ಒಂದು ಗಾಜನ್ನು ಬದಲಿಸಿದರೆ ಸಾಕು.

ಆ ಚಳಿದೇಶದಲ್ಲಿ ಮನೆಯ ಅಗ್ಗಿಷ್ಟಿಕೆಯು ಸೌದೆಯನ್ನು ನುಂಗಿ, ಶಾಖವನ್ನೆಲ್ಲ ಹೊಗೆಗಂಡಿಯ ಮೂಲಕ ಆಕಾಶಕ್ಕೆ ಕಳುಹುತ್ತಿದ್ದಿತು. ಕುಳಿತವರಿಗೆ ಮುಂಭಾಗ ಸುಡುವುದು, ಬೆನ್ನು ನಡುಗುವುದು. ೧೭೪೦ರ ದಶಕದ ಮೊದಲಲ್ಲಿ ಆತನು ಕಬ್ಬಿಣದ ಒಲೆಯೊಂದನ್ನು ರಚಿಸಿ, ಒಳಬರುವ ಗಾಳಿಯು ಕಾದು ಕೋಣೆಗೆ ಹರಡುವಂತೆ ಮಾಡಿದನು. ಅದನ್ನು ಮಾರುವ ಏಕಸ್ವಾಮ್ಯವನ್ನು ಪ್ರಾಂತದ ಗವರ್ನರನು ಆತನಿಗೆ ಕೊಡಬಂದನು. ಆತನು ಒಲ್ಲೆನೆಂದನು. ಪರರು ಕಂಡುಹಿಡಿದ ವಸ್ತುಗಳಿಂದ ತಾನು ಸುಖಪಡುತ್ತಿರುವಾಗ, ತನ್ನಿಂದ ಪರರಿಗಾಗುವ ಸುಖವನ್ನು ಬೆಲೆಗೆ ಕಟ್ಟಲಾಗದೆಂಬುದು ಆತನ ನಿಲವು. ಲಂಡನ್ನಿನ ಕಬ್ಬಿಣದ ವರ್ತಕನೊಬ್ಬನು ಅದರಲ್ಲಿ ಅಲ್ಪಸ್ವಲ್ಪ ಬದಲಾವಣೆ ಮಾಡಿ ಏಕಸ್ವಾಮ್ಯ ಪಡೆದು ಹಣ ಗಳಿಸಿದರೂ ಆತನು ವ್ಯಾಜ್ಯ ಹೂಡಲಿಲ್ಲ. ದಾಸೋಹಭಾವವು ಅನ್ನದಲ್ಲಿ ಮಾತ್ರವಲ್ಲ, ಬುದ್ಧಿಯಲ್ಲಿಯೂ ಇರಬಲ್ಲುದು.

ಇಂತಹ ಮುಂದಾಲೋಚನೆಯ ಮನುಷ್ಯನೂ ಒಂದು ಸಾರಿ ತಡ ಮಾಡಿದನು; ಅದರ ದುಃಖವು ಸಾಯುವವರೆಗೆ ಆರಲಿಲ್ಲ. ಫ್ರಾನ್ಸಿಸನೆಂಬ ನಾಲ್ಕು ವರ್ಷದ ಮಗನಿಗೆ ಸಿಡುಬು ಬಾರದಂತೆ ದೇವಿ ಹಾಕಿಸಬೇಕೆಂದಿದ್ದನು. ಮಗುವಿಗೆ ಅತಿಸಾರವಿದ್ದುದರಿಂದ ಅದು ಗುಣವಾಗಲೆಂದು ಕಾದನು. ಅಷ್ಟರಲ್ಲಿಯೇ, ೧೭೩೬ರ ಕಡೆಯಲ್ಲಿ, ಸಿಡುಬು ಬಂದು ಮಗುವು ತೀರಿಕೊಂಡಿತು. ದೇವಿ ಹಾಕಿಸಿದುದರಿಂದಲೇ ಮಗುವು ಸತ್ತಿತೆಂಬ ಗಾಳಿಸುದ್ದಿ ಹಬ್ಬಲು, ಇತರ ತಂದೆತಾಯಿಗಳು ಹೆದರಿ ಹಿಂಜರಿದಾರೆಂದು ಆತನು ತನ್ನ ಪತ್ರಿಕೆಯಲ್ಲಿಯೇ ನಿಜವನ್ನು ಪ್ರಕಟಿಸಿದನು. ಆ ಕಾಲದ ಪದ್ಧತಿಯಲ್ಲಿ ಸ್ವಲ್ಪ ಅಪಾಯವಿದ್ದರೂ, ಹಾಕಿಸದಿರುವುದರ ಅಪಾಯವು ಅದಕ್ಕಿಂತ ಬಹು ದೊಡ್ಡದೆಂದು ಮುಪ್ಪಿನಲ್ಲಿಯೂ ತಂದೆತಾಯಿಗಳಿಗೆ ಬರೆದು ತಿಳಿಸಿದನು.

೧೭೪೮ರಲ್ಲಿ, ನಾಲ್ವತ್ತೆರಡನೆಯ ವಯಸ್ಸಿನಲ್ಲಿ, ಅಚ್ಚುಕೂಟವನ್ನು ನಂಬಿಕಸ್ಥನಾದ ಡೇವಿಡ್ ಹಾಲನೆಂಬ ಪಾಲುಗಾರನಿಗೆ ಒಪ್ಪಿಸಿದನು. ಮಿತವ್ಯಯದಿಂದ ಕೂಡಿಟ್ಟ ಸಂಪತ್ತಿನಿಂದ ಆತನು ಕೊಂಡುದು ವಿರಾಮವನ್ನು. ಆ ವಿರಾಮದಲ್ಲಿಯೇ ೧೭೫೨ರ ಗಾಳಿಪಟದ ಪ್ರಯೋಗವು ನಡೆಯಿತು. ಮನೆಗಳನ್ನು ಸಿಡಿಲಿನಿಂದ ಕಾಯುವ ಮೊನಚಾದ ಲೋಹದ ಕಂಬಿಯೂ ಆ ಕಾಲದಲ್ಲಿಯೇ ಬಳಕೆಗೆ ಬಂದಿತು. ಅದರ ಮೇಲೂ ಆತನು ಏಕಸ್ವಾಮ್ಯವನ್ನು ಬೇಡಲಿಲ್ಲ.

ಪ್ರಾಂತದ ಪರವಾಗಿ ರಾಜಕಾರ್ಯಕ್ಕೆಂದು ೧೭೫೭ರಲ್ಲಿ ಲಂಡನ್ನಿಗೆ ಹೋದ ಮೇಲೆ ಆತನ ಬಾಳಿನ ಬಹುಭಾಗವು ಪರದೇಶದಲ್ಲಿಯೇ ಕಳೆಯಿತು. ಅಲ್ಲಿಯೂ ಅಭ್ಯಾಸಗಳು ಬಿಡಲಿಲ್ಲ. ೧೭೭೨ರಲ್ಲಿ ಜೋಸೆಫ್ ಪ್ರೀಸ್ಟ್ಲಿಯೆಂಬ ವಿದ್ವಾಂಸನು ಒಂದು ಕಠಿನವಾದ ನಿರ್ಣಯದ ವಿಷಯದಲ್ಲಿ ಸಲಹೆ ಕೇಳಲು, ಫ್ರಾಂಕ್ಲಿನ್ನನು ಏನು ಮಾಡಬೇಕೆಂಬುದನ್ನು ಹೇಳದೆ ಹೇಗೆ ನಿಶ್ಚಯಿಸಬೇಕೆಂಬುದನ್ನು ಬರೆದುಕಳುಹಿದನು. ಒಂದು ಕಾಗದದ ನಡುವೆ ಗೆರೆಯೆಳೆದು, ಒಂದು ಕಡೆ ಅನುಕೂಲಗಳನ್ನೂ ಇನ್ನೊಂದು ಕಡೆ ಪ್ರತಿಕೂಲಗಳನ್ನೂ ಮೂರು ನಾಲ್ಕು ದಿನ ಹೊಳೆಹೊಳೆದಂತೆ ಬರೆಯುತ್ತ ಹೋಗಬೇಕು. ಅನಂತರ ತೂಕದಲ್ಲಿ ಸಮನಾದವುಗಳನ್ನು ಎರಡೂ ಕಡೆಗಳಲ್ಲಿ ಹೊಡೆದುಹಾಕಬೇಕು. ಕೆಲವೆಡೆ ಒಂದಕ್ಕೆ ಎರಡು, ಎರಡಕ್ಕೆ ಮೂರು ಸಮನಾದಾವು. ಕಡೆಗೆ ಉಳಿದುದು ಯಾವ ಕಡೆಯೋ ಆ ಕಡೆಗೆ ನಿಶ್ಚಯ. ಹೊಲ ಕೊಳ್ಳುವುದಾಗಲಿ, ಮಗಳ ಸಂಬಂಧವಾಗಲಿ, ಇಂತಹ ಹೊತ್ತಿನಲ್ಲಿ ಮನುಷ್ಯನನ್ನು ಕಂಗೆಡಿಸುವುದು ಕಾರಣಗಳೆಲ್ಲ ಏಕಕಾಲದಲ್ಲಿ ಕಣ್ಣಮುಂದೆ ನಿಲ್ಲದಿರುವುದೇ. ಕಾಗದವು ಅವನ್ನು ನಿಲ್ಲಿಸಿ ತೋರಿಸುತ್ತದೆ.

ಮಲಗುವ ಕೋಣೆಗೆ ಗಾಳಿಯು ಬರಬೇಕೆಂಬುದು ಆತನ ಇನ್ನೊಂದು ನಿಯಮ. ಮುಚ್ಚಿದ ಕೋಣೆಯಲ್ಲಿ ಹಲವರು ಒತ್ತಾಗಿ ಕುಳಿತು ಒಬ್ಬರ ಉಸಿರನ್ನೊಬ್ಬರು ಎಳೆದುಕೊಳ್ಳುವುದರಿಂದ ನೆಗಡಿಯು ಹರಡುವುದೇ ಹೊರತು, ತಂಗಾಳಿಯಿಂದಲ್ಲವೆಂದು ಆತನು ನಂಬಿದ್ದನು. ೧೭೭೬ರಲ್ಲಿ ಜಾನ್ ಆಡಮ್ಸನೊಡನೆ ಪ್ರವಾಸ ಮಾಡುತ್ತ ಒಂದು ಛತ್ರದಲ್ಲಿ ಒಂದೇ ಕೋಣೆಯಲ್ಲಿ ತಂಗಬೇಕಾಯಿತು. ಆಡಮ್ಸನು ಕಿಟಕಿಯನ್ನು ಮುಚ್ಚಲು, ಫ್ರಾಂಕ್ಲಿನ್ನನು ತೆರೆಯಿಸಿ, ತನ್ನ ಸಿದ್ಧಾಂತವನ್ನು ವಿವರಿಸತೊಡಗಿದನು. ಆಡಮ್ಸನು ಕೇಳುತ್ತ ಕೇಳುತ್ತ ನಿದ್ದೆಹೋದನು. ನೆಗಡಿಯು ಜನರಿಂದ ಜನರಿಗೆ ಅಂಟುವುದೆಂಬ ಮಾತನ್ನು ಮುಂದಿನ ವೈದ್ಯಶಾಸ್ತ್ರವೂ ಸಮರ್ಥಿಸಿತು.

ಅಮೆರಿಕೆಯು ಸ್ವಾತಂತ್ರ್ಯವನ್ನು ಸಾರಿದ ಮೇಲೆ ಎಪ್ಪತ್ತರ ಮುಪ್ಪಿನಲ್ಲಿ ಆತನು ರಾಯಭಾರಿಯಾಗಿ ಫ್ರಾನ್ಸಿಗೆ ಹೋದನು. ೧೭೭೮ರಲ್ಲಿ ಅಲ್ಲಿಗೆ ಬಂದ ಆಡಮ್ಸನಿಗೆ ರಾಯಭಾರದ ಲೆಕ್ಕಪತ್ರಗಳು ಅಸ್ತವ್ಯಸ್ತವಾಗಿ ಕಂಡವು. ಪುಸ್ತಕಗಳನ್ನು ತರಿಸಿ ಅವನ್ನು ಕ್ರಮಕ್ಕೆ ತರುವ ಕೆಲಸಕ್ಕೆ ಆತನೇ ಕೈಹಾಕಿದನು. ಮಚ್ಚೆಯ ಕೊಡಲಿಯು ಕಡೆಯವರೆಗೂ ಮಚ್ಚೆಯಾಗಿಯೇ ಉಳಿದಿತ್ತು. ದೂರದ ನೋಟಕ್ಕೊಂದು, ಓದಿಗೊಂದು ಎಂದು ಎರಡು ಕನ್ನಡಕಗಳನ್ನು ಬದಲಿಸುವ ಬೇಸರಕ್ಕೆ ಆತನು ಎರಡರ ಗಾಜುಗಳನ್ನೂ ಅರ್ಧರ್ಧ ಕತ್ತರಿಸಿ ಒಂದೇ ಚೌಕಟ್ಟಿನಲ್ಲಿ ಕೂಡಿಸಿ ಧರಿಸುತ್ತಿದ್ದನು. ೧೭೮೫ರ ಪತ್ರವೊಂದರಲ್ಲಿ ಅದನ್ನು ಸಂತೋಷದಿಂದ ವರ್ಣಿಸಿದ್ದಾನೆ. ಊರಿಗೆ ಹಿಂದಿರುಗಿದ ಮೇಲೆ, ಮುಪ್ಪಿನಲ್ಲಿ ಏಣಿಯೇರುವ ಅಪಾಯವು ತಪ್ಪಲೆಂದು, ಎತ್ತರದ ಕಪಾಟಿನಿಂದ ಪುಸ್ತಕವನ್ನು ಹಿಡಿದು ತೆಗೆಯುವ ಉದ್ದನೆಯ ಮರದ ಕೈಯನ್ನು ಮಾಡಿಕೊಂಡನು.

ಆತನ ಗೃಹಜೀವನದ ಲೆಕ್ಕದಲ್ಲಿ ಎರಡು ದೊಡ್ಡ ಬಾಕಿಗಳುಂಟು. ಅವನ್ನು ಮುಚ್ಚುವುದು ಸತ್ಯಕ್ಕೆ ಒಪ್ಪುವುದಿಲ್ಲ. ಸಮುದ್ರಯಾನಕ್ಕೆ ಹೆದರಿದ ಡೆಬೊರಾ ಫಿಲಡೆಲ್ಫಿಯದಲ್ಲಿಯೇ ಉಳಿದಳು. ಮನೆಯನ್ನು ಕಟ್ಟಿಸಿದಳು, ಲೆಕ್ಕಗಳನ್ನು ನೋಡಿದಳು, ಪತ್ರಗಳನ್ನು ಬರೆದಳು. ೧೭೬೪ರಲ್ಲಿ ಎರಡನೆಯ ಸಲ ಹೊರಟ ಪತಿಯು ಹಿಂದಿರುಗುವುದನ್ನು ವರ್ಷದಿಂದ ವರ್ಷಕ್ಕೆ ಕಾದು, ಪಾರ್ಶ್ವವಾಯುವಿನಿಂದ ಬಳಲಿ, ಹತ್ತು ವರ್ಷಗಳ ಮೇಲೆ ೧೭೭೪ರ ಡಿಸೆಂಬರಿನಲ್ಲಿ ಆತನ ಮುಖವನ್ನು ಕಾಣದೆಯೇ ತೀರಿಕೊಂಡಳು. ಹೊತ್ತನ್ನು ಅಷ್ಟು ಜಾಣತನದಿಂದ ಹಂಚಿದವನ ಕಾಲಪತ್ರಿಕೆಯಲ್ಲಿ ಆಕೆಗೆ ಒಂದು ಅಂಕಣವು ಉಳಿದಿರಲಿಲ್ಲ. ಎರಡನೆಯದು ಇದಕ್ಕಿಂತಲೂ ಕಠಿನವಾದುದು. ಆ ಕಾಲದ ಅನುಕೂಲಸ್ಥರಂತೆ ಆತನ ಮನೆಯಲ್ಲಿಯೂ ಆಫ್ರಿಕೆಯ ಗುಲಾಮರಿದ್ದರು. ಪೀಟರ್, ಕಿಂಗ್ ಎಂಬಿಬ್ಬರು ೧೭೫೭ರಲ್ಲಿ ತಂದೆಮಕ್ಕಳ ಜೊತೆಯಲ್ಲಿ ಲಂಡನ್ನಿಗೂ ಹೋಗಬೇಕಾಯಿತು. ಆತನ ಪತ್ರಿಕೆಯು ಗುಲಾಮರ ಮಾರಾಟದ ಜಾಹೀರಾತುಗಳನ್ನು ಅಚ್ಚುಹಾಕುತ್ತಿತ್ತು. ಕೂಲಿಯಿಲ್ಲದೆ ದುಡಿದ ಕೈಗಳ ಮೇಲೆ ನಿಂತ ಮನೆಯ ಸೌಖ್ಯವು ಧರ್ಮದ ಸೌಖ್ಯವಲ್ಲವೆಂಬುದು ಆತನಿಗೆ ತಡವಾಗಿ, ಆದರೆ ಸ್ಪಷ್ಟವಾಗಿ, ಹೊಳೆಯಿತು. ೧೭೮೭ರಲ್ಲಿ ಗುಲಾಮಗಿರಿಯನ್ನು ತೊಡೆಯುವ ಸಂಘಕ್ಕೆ ಅಧ್ಯಕ್ಷನಾಗಿ, ೧೭೯೦ರ ಫೆಬ್ರವರಿಯಲ್ಲಿ ಅದರ ನಿವಾರಣೆಯನ್ನು ಬೇಡುವ ವಿಜ್ಞಾಪನೆಗೆ ಸಹಿ ಹಾಕಿ ದೇಶದ ಮಹಾಸಭೆಗೆ ಕಳುಹಿದನು. ಸಭೆಯು ಅದನ್ನು ಮನ್ನಿಸಲಿಲ್ಲ. ಆ ಕಾರ್ಯವೇ ಆತನ ಕಡೆಯ ಸಾರ್ವಜನಿಕ ಕಾರ್ಯಗಳಲ್ಲೊಂದಾಯಿತು.

೧೭೯೦ರ ಏಪ್ರಿಲ್ ೧೭ರಂದು, ಎಂಬತ್ತನಾಲ್ಕನೆಯ ವಯಸ್ಸಿನಲ್ಲಿ, ಫ್ರಾಂಕ್ಲಿನ್ನನು ಮೃತನಾದನು. ತನಗೆ ಯೌವನದಲ್ಲಿ ಸಾಲ ಕೊಟ್ಟು ನಿಲ್ಲಿಸಿದವರನ್ನು ನೆನೆದು, ಬಾಸ್ಟನ್ನಿಗೂ ಫಿಲಡೆಲ್ಫಿಯಕ್ಕೂ ಒಂದೊಂದು ಸಾವಿರ ಪೌಂಡುಗಳನ್ನು ಮೃತ್ಯುಪತ್ರದಲ್ಲಿ ಬಿಟ್ಟಿದ್ದನು. ಕೆಲಸ ಕಲಿತು ಮುಗಿಸಿದ, ಮದುವೆಯಾದ, ಇಪ್ಪತ್ತೈದು ವರ್ಷದೊಳಗಿನ ಕುಶಲಕರ್ಮಿಗಳಿಗೆ ಇಬ್ಬರ ಜಾಮೀನಿನ ಮೇಲೆ ನೂರಕ್ಕೆ ಐದರ ಬಡ್ಡಿಯಂತೆ ಆ ಹಣವನ್ನು ಸಾಲ ಕೊಡುತ್ತ ಹೋಗಬೇಕು. ಇನ್ನೂರು ವರ್ಷಗಳು ತುಂಬಿದ ಮೇಲೆ ನಿಧಿಯನ್ನು ವಿನಿಯೋಗಿಸಬೇಕು ಎಂಬುದು ಅದರ ಕಟ್ಟಳೆ. ೧೯೯೦ರಲ್ಲಿ ಆ ಅವಧಿಯು ತುಂಬಿದಾಗ ಬಾಸ್ಟನ್ನಿನ ನಿಧಿಯು ನಲವತ್ತು ಲಕ್ಷ ಡಾಲರುಗಳನ್ನು ಮೀರಿದ್ದಿತು. ಫಿಲಡೆಲ್ಫಿಯದ್ದು ಇಪ್ಪತ್ತು ಲಕ್ಷದಷ್ಟಿದ್ದಿತು.

ಮನುಷ್ಯನ ಸುಖವು ಎಂದೋ ಒಮ್ಮೆ ಬರುವ ಮಹಾಭಾಗ್ಯಗಳಿಗಿಂತ ದಿನದಿನದ ಅಲ್ಪ ಅನುಕೂಲಗಳಿಂದ ಹೆಚ್ಚಾಗಿ ಒದಗುವುದೆಂದು ಆತನು ಬಗೆದಿದ್ದನು. ಬಡಹುಡುಗನೊಬ್ಬನಿಗೆ ಸಾವಿರ ಮೊಹರುಗಳನ್ನು ಕೊಟ್ಟರೆ ಅವು ಕರಗಿಹೋಗಿ, ಕಳೆದೆನೆಂಬ ಪಶ್ಚಾತ್ತಾಪವೊಂದೇ ಉಳಿದೀತು. ತನ್ನ ಮುಖಕ್ಷೌರವನ್ನು ತಾನೇ ಮಾಡಿಕೊಳ್ಳುವುದನ್ನೂ ಕತ್ತಿಯನ್ನು ಹದವಾಗಿಟ್ಟುಕೊಳ್ಳುವುದನ್ನೂ ಕಲಿಸಿದರೆ, ಅವನು ಯಾರಿಗೂ ಕಾಯದೆ, ತನಗೆ ಅನುಕೂಲವಾದ ಹೊತ್ತಿನಲ್ಲಿ, ಬಾಳಿರುವವರೆಗೂ ಆ ಸುಖವನ್ನು ಅನುಭವಿಸುವನೆಂಬುದು ಆತನ ದೃಷ್ಟಾಂತ. ಗೃಹಸ್ಥರಾದವರು ಆತನ ಹದಿಮೂರು ಗುಣಗಳನ್ನೂ ಹಿಡಿಯಬೇಕಾದುದಿಲ್ಲ. ಬೆಳಗ್ಗೆ ಎದ್ದೊಡನೆ ಒಂದು ಪ್ರಶ್ನೆ, ರಾತ್ರಿ ಮಲಗುವ ಮುನ್ನ ಒಂದು ಪ್ರಶ್ನೆ, ನಡುವೆ ಅಂದಿನ ಲೆಕ್ಕವನ್ನು ಅಂದೇ ಬರೆಯುವುದು, ಹೊತ್ತು ಮುಳುಗಿದ ಮೇಲೆ ವಸ್ತುಗಳನ್ನು ಸ್ಥಳಕ್ಕೆ ಸೇರಿಸುವುದು, ಇಷ್ಟನ್ನು ಒಂದು ವಾರ ನಡೆಸಿದವರ ಮನೆಯಲ್ಲಿ ಎರಡನೆಯ ವಾರವು ಹಗುರವಾಗುವುದು. ಆ ಹಗುರದಲ್ಲಿ ಮನೆಯ ಹೆಣ್ಣುಮಕ್ಕಳಿಗೂ ಮನೆಗಾಗಿ ದುಡಿಯುವವರಿಗೂ ಸಮಪಾಲು ದೊರೆತರೆ, ಫ್ರಾಂಕ್ಲಿನ್ನನು ಉಳಿಸಿಹೋದ ಬಾಕಿಯೂ ಆ ಮನೆಯ ಮಟ್ಟಿಗೆ ತೀರುವುದು.